ಕರುಳಿನ ಬ್ಯಾಕ್ಟೀರಿಯಾ: ಕ್ಯಾಪ್ಸೂಲ್ ದಿನವೂ ಬೇಕೆ, ಮನೆಯ ಮೊಸರು ಸಾಕೆ?

ಪ್ರಶ್ನೆ: ನನ್ನ ತಾಯಿಗೆ 64 ವರ್ಷ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದು ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಇತ್ತೀಚೆಗೆ ಮೂತ್ರದ ಸೋಂಕಿಗೆ ಒಂದು ವಾರ ಆ್ಯಂಟಿಬಯಾಟಿಕ್ ಕೊಟ್ಟಾಗ ಭೇದಿ ಶುರುವಾಯಿತು. ವೈದ್ಯರು ಹತ್ತು ದಿನ ಪ್ರೋಬಯಾಟಿಕ್ (ಉಪಕಾರಿ ಜೀವಂತ ಸೂಕ್ಷ್ಮಜೀವಿಗಳಿರುವ) ಕ್ಯಾಪ್ಸೂಲ್ ಬರೆದುಕೊಟ್ಟರು, ಈಗ ಗುಣವಾಗಿದ್ದಾರೆ. ಆದರೆ ರೋಗನಿರೋಧಕ ಶಕ್ತಿ, ಸಕ್ಕರೆ, ತೂಕ, ಮನಸ್ಸಿನ ನೆಮ್ಮದಿ ಎಲ್ಲಕ್ಕೂ ಒಳ್ಳೆಯದು, ಹಾಗಾಗಿ ಕ್ಯಾಪ್ಸೂಲನ್ನು ನಿಲ್ಲಿಸದೆ ಮುಂದುವರಿಸಿ ಎಂದು ಬಂಧುಗಳು ಹೇಳುತ್ತಿದ್ದಾರೆ. ಕರುಳಿನ ಬ್ಯಾಕ್ಟೀರಿಯಾ ನಿಜವಾಗಿಯೂ ಅಷ್ಟು ಮುಖ್ಯವೇ? ನಮ್ಮ ಮನೆಯಲ್ಲಿ ದಿನವೂ ಮೊಸರು ಇರುತ್ತದೆ, ಅದು ಸಾಲದೇ? ಮೂರು ವರ್ಷದ ಮಗನಿಗೂ ಇವನ್ನು ಕೊಡಬಹುದೇ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ನಿಮ್ಮ ತಾಯಿಯವರು ಆ ಕ್ಯಾಪ್ಸೂಲನ್ನು ಮುಂದುವರಿಸುವ ಅಗತ್ಯವಿಲ್ಲ. ವೈದ್ಯರು ಹೇಳಿದಷ್ಟು ದಿನ ತೆಗೆದುಕೊಂಡು, ಭೇದಿ ನಿಂತು, ಊಟ ಮೊದಲಿನಂತೆ ಸೇರುತ್ತಿದ್ದರೆ ಅದರ ಕೆಲಸ ಅಲ್ಲಿಗೆ ಮುಗಿಯಿತು. ನಿಮ್ಮ ಬಂಧುಗಳ ಮಾತಿನಲ್ಲಿ ಅರ್ಧ ನಿಜವಿದೆ. ಕರುಳಿನ ಬ್ಯಾಕ್ಟೀರಿಯಾಗಳು ಆರೋಗ್ಯಕ್ಕೆ ಅತ್ಯಂತ ಮುಖ್ಯ ಎಂಬುದು ನಿಜ. ಆದರೆ ಅವು ಮುಖ್ಯವಾದ ಮಾತ್ರಕ್ಕೆ ಔಷಧಿ ಅಂಗಡಿಯಿಂದ ತಂದ ಬ್ಯಾಕ್ಟೀರಿಯಾಗಳನ್ನು ದಿನವೂ ನುಂಗಬೇಕೆಂಬ ತೀರ್ಮಾನಕ್ಕೆ ಬರಲಾಗುವುದಿಲ್ಲ. ಈಗಾಗಲೇ ನಮ್ಮೊಳಗೆ ನೆಲೆಸಿರುವ ಜೀವಿಗಳಿಗೆ ನಾವು ಏನನ್ನು ಉಣಿಸುತ್ತೇವೆ ಮತ್ತು ಅವುಗಳನ್ನು ಎಷ್ಟು ಸಲ ಅನಗತ್ಯವಾಗಿ ಕೊಲ್ಲುತ್ತೇವೆ ಎಂಬುದೇ ಈ ವಿಷಯದಲ್ಲಿ ದೊಡ್ಡ ಸಂಗತಿ.

ಈ ಜೀವಿಗಳು ಎಲ್ಲಿರುತ್ತವೆ, ಎಷ್ಟಿರುತ್ತವೆ ಎಂಬುದನ್ನು ಮೊದಲು ನೋಡೋಣ. ಜಠರದ ಆಮ್ಲದಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಬಹಳ ಕಡಿಮೆ. ಸಣ್ಣ ಕರುಳಿನಲ್ಲಿ ಆಹಾರ ಬೇಗಬೇಗ ಮುಂದೆ ಸಾಗುವುದರಿಂದ ಮತ್ತು ಪಿತ್ತರಸ ಸುರಿಯುವುದರಿಂದ ಅಲ್ಲಿಯೂ ಸಂಖ್ಯೆ ಹೆಚ್ಚಿರುವುದಿಲ್ಲ. ಬಹುಪಾಲು ಬ್ಯಾಕ್ಟೀರಿಯಾಗಳು ಇರುವುದು ದೊಡ್ಡ ಕರುಳಿನಲ್ಲಿ, ಆಮ್ಲಜನಕವೇ ಇಲ್ಲವೆನ್ನಬಹುದಾದ ವಾತಾವರಣದಲ್ಲಿ. ನಮ್ಮ ದೇಹದ ಜೀವಕೋಶಗಳಿಗಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾಗಳು ನಮ್ಮಲ್ಲಿವೆ ಎಂಬ ಮಾತು ದಶಕಗಳ ಕಾಲ ಪುಸ್ತಕಗಳಲ್ಲಿ ಓಡಾಡಿತು, ಈಗಲೂ ಜಾಹೀರಾತುಗಳಲ್ಲಿ ಕಾಣಿಸುತ್ತದೆ. 2016ರಲ್ಲಿ ಪ್ರಕಟವಾದ ಮರುಲೆಕ್ಕಾಚಾರದ ಪ್ರಕಾರ 70 ಕಿಲೋ ತೂಕದ ವ್ಯಕ್ತಿಯಲ್ಲಿ ಸುಮಾರು 30 ಲಕ್ಷ ಕೋಟಿ ಮಾನವ ಕೋಶಗಳೂ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳೂ ಇರುತ್ತವೆ, ಅಂದರೆ ಎರಡೂ ಹೆಚ್ಚುಕಡಿಮೆ ಸಮ. ಅಷ್ಟೂ ಬ್ಯಾಕ್ಟೀರಿಯಾಗಳ ಒಟ್ಟು ತೂಕ ಸುಮಾರು 200 ಗ್ರಾಂ. ಈ ಲೆಕ್ಕವನ್ನು ನೆನಪಿನಲ್ಲಿಡಿ, ಕ್ಯಾಪ್ಸೂಲಿನ ಮೇಲೆ ಮುದ್ರಿಸಿರುವ ಕೋಟಿಗಳ ಲೆಕ್ಕ ಬಂದಾಗ ಇದು ಬೇಕಾಗುತ್ತದೆ.

ಇವು ಅಲ್ಲಿ ಮಾಡುವ ಕೆಲಸಗಳಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ನಾರಿನಂಶದ ಹುದುಗುವಿಕೆಯನ್ನು. ಜೋಳದ ರೊಟ್ಟಿ, ಹುರುಳಿಕಾಳು, ಸೊಪ್ಪು, ಬಾಳೆದಿಂಡು ಇವುಗಳಲ್ಲಿರುವ ನಾರನ್ನು ಒಡೆಯುವ ಕಿಣ್ವಗಳು ಮನುಷ್ಯನ ದೇಹದಲ್ಲಿ ಇಲ್ಲ. ಜೀರ್ಣವಾಗದೆ ದೊಡ್ಡ ಕರುಳು ತಲುಪುವ ಆ ನಾರನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್ ಮತ್ತು ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನ ಆಮ್ಲಗಳನ್ನು ತಯಾರಿಸುತ್ತವೆ. ದೇಹದ ಬೇರೆ ಕೋಶಗಳು ರಕ್ತದಿಂದ ಸಕ್ಕರೆಯನ್ನು ಪಡೆದು ಬದುಕಿದರೆ, ದೊಡ್ಡ ಕರುಳಿನ ಒಳಪದರದ ಕೋಶಗಳು ತಮಗೆ ಬೇಕಾದ ಶಕ್ತಿಯ ಸುಮಾರು 70 ಶೇಕಡಾ ಭಾಗವನ್ನು ಈ ಬ್ಯುಟಿರೇಟ್‌ನಿಂದಲೇ ಪಡೆಯುತ್ತವೆ. ಆ ಪದರ ಗಟ್ಟಿಯಾಗಿದ್ದರೆ ಕರುಳಿನೊಳಗಿನ ಬ್ಯಾಕ್ಟೀರಿಯಾಗಳು ಮತ್ತು ಅವುಗಳ ತುಣುಕುಗಳು ರಕ್ತಕ್ಕೆ ಸೋರುವುದಿಲ್ಲ, ರೋಗನಿರೋಧಕ ವ್ಯವಸ್ಥೆ ಅನಗತ್ಯವಾಗಿ ಕೆರಳುವುದಿಲ್ಲ. ನಾರು ಬರದಿದ್ದರೆ ಏನಾಗುತ್ತದೆ ಎಂಬುದನ್ನು ಇಲಿಗಳಲ್ಲಿ ನೋಡಲಾಗಿದೆ: ಹಸಿದ ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಯನ್ನು ಕಾಯುವ ಲೋಳೆಯನ್ನೇ ತಿನ್ನತೊಡಗಿದವು, ಲೋಳೆಯ ಪದರ ತೆಳುವಾಯಿತು, ರೋಗಕಾರಕಗಳಿಗೆ ಒಳಬರಲು ದಾರಿ ಸುಲಭವಾಯಿತು.

ಆಹಾರ ಬದಲಾದರೆ ಈ ಲೋಕ ಎಷ್ಟು ಬೇಗ ಬದಲಾಗುತ್ತದೆ ಎಂಬುದಕ್ಕೆ 2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ಸಾಕ್ಷಿ. ಅಮೆರಿಕದ 20 ಮಂದಿ ಆಫ್ರಿಕನ್ ಮೂಲದವರೂ ದಕ್ಷಿಣ ಆಫ್ರಿಕದ ಹಳ್ಳಿಗಾಡಿನ 20 ಮಂದಿಯೂ ಎರಡು ವಾರ ಪರಸ್ಪರರ ಊಟವನ್ನು ಉಂಡರು. ನಾರು ಹೆಚ್ಚಿದ್ದ, ಕೊಬ್ಬು ಕಡಿಮೆಯಿದ್ದ ಹಳ್ಳಿಯ ಊಟ ಉಂಡ ಅಮೆರಿಕನ್ನರಲ್ಲಿ ಬ್ಯುಟಿರೇಟ್ ತಯಾರಿಕೆ ಏರಿತು, ಕರುಳಿನ ಒಳಪದರದ ಉರಿಯೂತ ಇಳಿಯಿತು. ಇನ್ನೊಂದು ಕಡೆಯವರಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು. ಬೇಕಾದದ್ದು ಹದಿನಾಲ್ಕು ದಿನ, ಅಷ್ಟೇ.

ಎರಡನೆಯ ಕೆಲಸ ಕಾವಲು. ಜಾಗವನ್ನೂ ಆಹಾರವನ್ನೂ ಸ್ಥಳೀಯ ಬ್ಯಾಕ್ಟೀರಿಯಾಗಳು ಮೊದಲೇ ಹಿಡಿದುಕೊಂಡಿರುವುದರಿಂದ ಹೊರಗಿನಿಂದ ಬಂದ ರೋಗಕಾರಕಕ್ಕೆ ನೆಲೆ ಸಿಗುವುದಿಲ್ಲ. ಆ್ಯಂಟಿಬಯಾಟಿಕ್ ಈ ಕಾವಲನ್ನು ಮುರಿದಾಗ ಏನಾಗಬಹುದು ಎಂಬುದಕ್ಕೆ ಕ್ಲೋಸ್ಟ್ರಿಡಿಯೋಯ್ಡಿಸ್ ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾದ ಸೋಂಕು ಅತ್ಯಂತ ಸ್ಪಷ್ಟವಾದ ಉದಾಹರಣೆ. ಇದು ತೀವ್ರ ಭೇದಿಯನ್ನೂ ಕರುಳಿನ ಊತವನ್ನೂ ತರುತ್ತದೆ, ಔಷಧಿ ಕೊಟ್ಟರೂ ಮರುಕಳಿಸುತ್ತದೆ. 2013ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ಹೀಗೆ ಮತ್ತೆ ಮತ್ತೆ ಬಳಲುತ್ತಿದ್ದ ರೋಗಿಗಳಿಗೆ ಆರೋಗ್ಯವಂತ ದಾನಿಯ ಮಲವನ್ನು ಶೋಧಿಸಿ, ಕೊಳವೆಯ ಮೂಲಕ ಕರುಳಿಗೆ ಬಿಟ್ಟರು. 16 ಮಂದಿಯಲ್ಲಿ 13 ಮಂದಿ ಒಂದೇ ಸಲಕ್ಕೆ ಗುಣವಾದರು. ವ್ಯಾಂಕೊಮೈಸಿನ್ ಔಷಧಿಯನ್ನಷ್ಟೇ ಪಡೆದ 13 ಮಂದಿಯಲ್ಲಿ ಗುಣವಾದವರು ನಾಲ್ವರು. ವ್ಯತ್ಯಾಸ ಅಷ್ಟು ದೊಡ್ಡದಾಗಿದ್ದರಿಂದ ಪ್ರಯೋಗವನ್ನು ನಡುವೆಯೇ ನಿಲ್ಲಿಸಲಾಯಿತು. ಕೇಳಲು ಮುಜುಗರವೆನಿಸಿದರೂ, ಕರುಳಿನ ಬ್ಯಾಕ್ಟೀರಿಯಾಗಳ ಸಮುದಾಯಕ್ಕೆ ರೋಗವನ್ನು ತಡೆಯುವ ಶಕ್ತಿಯಿದೆ ಎಂಬುದನ್ನು ಮನುಷ್ಯರಲ್ಲೇ ಇಷ್ಟು ನೇರವಾಗಿ ತೋರಿಸಿದ ಪ್ರಯೋಗಗಳು ವಿರಳ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022 ಮತ್ತು 2023ರಲ್ಲಿ ಈ ಬಗೆಯ ಎರಡು ಉತ್ಪನ್ನಗಳಿಗೆ ಒಪ್ಪಿಗೆಯನ್ನೂ ಕೊಟ್ಟಿದೆ. ಗಮನಿಸಬೇಕಾದದ್ದೇನೆಂದರೆ, ಇಲ್ಲಿ ಕೊಟ್ಟದ್ದು ಒಂದೆರಡು ತಳಿಗಳನ್ನಲ್ಲ, ನೂರಾರು ಬಗೆಯ ಜೀವಿಗಳಿರುವ ಇಡೀ ಸಮುದಾಯವನ್ನು.

ಈಗ ನಿಮ್ಮ ತಾಯಿಯವರ ಭೇದಿಗೆ ಬರೋಣ. ಮೂತ್ರದ ಸೋಂಕಿಗೆ ಕೊಟ್ಟ ಆ್ಯಂಟಿಬಯಾಟಿಕ್ ಮೂತ್ರಕೋಶದ ಬ್ಯಾಕ್ಟೀರಿಯಾಗಳನ್ನು ಮಾತ್ರ ಆರಿಸಿ ಕೊಲ್ಲುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳೂ ಸಾಯುತ್ತವೆ, ಹುದುಗುವಿಕೆ ಕುಂಠಿತವಾಗುತ್ತದೆ, ಜೀರ್ಣವಾಗದೆ ಉಳಿದ ಪಿಷ್ಟ ಮತ್ತು ಸಕ್ಕರೆಗಳು ಕರುಳಿನೊಳಕ್ಕೆ ನೀರನ್ನು ಎಳೆದುಕೊಳ್ಳುತ್ತವೆ, ಮಲ ನೀರಾಗುತ್ತದೆ. ಬಹುತೇಕರಲ್ಲಿ ಇದು ಔಷಧಿ ನಿಂತ ಕೆಲವು ದಿನಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಮೆಟ್‌ಫಾರ್ಮಿನ್ ಮಾತ್ರೆಯೂ ಕೆಲವರಲ್ಲಿ ಭೇದಿಯನ್ನು ಉಂಟುಮಾಡುತ್ತದೆ ಎಂಬುದು ನಿಮಗೆ ತಿಳಿದಿರಲಿ. ಮುಂದೆ ಯಾವಾಗಲಾದರೂ ಆ್ಯಂಟಿಬಯಾಟಿಕ್ ಇಲ್ಲದೆಯೂ ಹೊಟ್ಟೆ ಕೆಡುತ್ತಿದ್ದರೆ, ಪ್ರೋಬಯಾಟಿಕ್ ಹುಡುಕುವ ಮೊದಲು ಮೆಟ್‌ಫಾರ್ಮಿನ್ನಿನ ಪ್ರಮಾಣದ ಬಗ್ಗೆಯೂ, ನಿಧಾನವಾಗಿ ಬಿಡುಗಡೆಯಾಗುವ ಬಗೆಯ ಮಾತ್ರೆಗೆ ಬದಲಾಯಿಸುವ ಬಗ್ಗೆಯೂ ವೈದ್ಯರೊಡನೆ ಮಾತನಾಡಿ.

ಆ್ಯಂಟಿಬಯಾಟಿಕ್ ಜೊತೆಯಲ್ಲಿ ಪ್ರೋಬಯಾಟಿಕ್ ಕೊಡುವುದಕ್ಕೆ ಆಧಾರವಿದೆ. ಮಕ್ಕಳಲ್ಲಿ ನಡೆದ 33 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2019ರ ಕೊಕ್ರೇನ್ (ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಸಂಸ್ಥೆ) ವಿಶ್ಲೇಷಣೆಯಲ್ಲಿ, ಆ್ಯಂಟಿಬಯಾಟಿಕ್‌ನಿಂದ ಭೇದಿಯಾದವರು ಪ್ರೋಬಯಾಟಿಕ್ ಪಡೆದ ಗುಂಪಿನಲ್ಲಿ 8 ಶೇಕಡಾ, ಪಡೆಯದ ಗುಂಪಿನಲ್ಲಿ 19 ಶೇಕಡಾ. ವಯಸ್ಕರನ್ನೂ ಮಕ್ಕಳನ್ನೂ ಒಳಗೊಂಡ 2017ರ ಇನ್ನೊಂದು ವಿಶ್ಲೇಷಣೆಯಲ್ಲಿ ಡಿಫಿಸೈಲ್ ಭೇದಿ 4 ಶೇಕಡಾದಿಂದ 1.5 ಶೇಕಡಾಕ್ಕೆ ಇಳಿದಿತ್ತು. ಆದರೆ ಇವೆಲ್ಲ ಆ್ಯಂಟಿಬಯಾಟಿಕ್ ನಡೆಯುತ್ತಿರುವಾಗಲೇ ಕೊಟ್ಟು ಭೇದಿಯನ್ನು ತಡೆದ ಲೆಕ್ಕ. ಔಷಧಿ ಮುಗಿದ ಮೇಲೆ ಹಳೆಯ ಸಮುದಾಯವನ್ನು ಮತ್ತೆ ಕಟ್ಟಲು ಕ್ಯಾಪ್ಸೂಲ್ ನೆರವಾಗುತ್ತದೆಯೇ ಎಂಬುದು ಬೇರೆಯದೇ ಪ್ರಶ್ನೆ. ಇಸ್ರೇಲಿನ ವೈಜ್ಮನ್ ಸಂಸ್ಥೆಯ ವಿಜ್ಞಾನಿಗಳು 2018ರಲ್ಲಿ ಇದನ್ನೇ ಪರೀಕ್ಷಿಸಿದರು. ಆರೋಗ್ಯವಂತರಿಗೆ ಆ್ಯಂಟಿಬಯಾಟಿಕ್ ಕೊಟ್ಟು, ಬಳಿಕ ಕೆಲವರಿಗೆ ಹನ್ನೊಂದು ತಳಿಗಳ ಪ್ರೋಬಯಾಟಿಕ್ ಕೊಟ್ಟರು, ಕೆಲವರನ್ನು ಹಾಗೆಯೇ ಬಿಟ್ಟರು. ಏನೂ ತೆಗೆದುಕೊಳ್ಳದವರ ಸ್ವಂತ ಬ್ಯಾಕ್ಟೀರಿಯಾಗಳು ಬೇಗ ಮರಳಿದವು, ಪ್ರೋಬಯಾಟಿಕ್ ತೆಗೆದುಕೊಂಡವರಲ್ಲಿ ಅದು ತಡವಾಯಿತು. ಇದು ಸಣ್ಣ ಪ್ರಯೋಗ, ಇದೊಂದರಿಂದಲೇ ಕೊನೆಯ ತೀರ್ಪು ಕೊಡಲಾಗದು. ಆದರೂ ಭೇದಿ ನಿಂತ ಮೇಲೆ ತಿಂಗಳುಗಟ್ಟಲೆ ಕ್ಯಾಪ್ಸೂಲ್ ಮುಂದುವರಿಸಬೇಡಿ ಎಂದು ನಾನು ಹೇಳುವುದಕ್ಕೆ ಇದು ಒಂದು ಮುಖ್ಯ ಕಾರಣ.

ಪ್ರೋಬಯಾಟಿಕ್ ಎಂದರೇನು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ತಜ್ಞರು 2001ರಲ್ಲಿ ಕೊಟ್ಟ ವ್ಯಾಖ್ಯೆ ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ: ಜೀವಂತವಾಗಿರಬೇಕು, ಸಾಕಷ್ಟು ಪ್ರಮಾಣದಲ್ಲಿರಬೇಕು, ತೆಗೆದುಕೊಂಡವರ ಆರೋಗ್ಯಕ್ಕೆ ಉಪಯೋಗವಾಗಬೇಕು. ಈ ಉಪಯೋಗ ತಳಿಯಿಂದ ತಳಿಗೆ ಬೇರೆಯಾಗುತ್ತದೆ. ಒಂದು ಲ್ಯಾಕ್ಟೋಬ್ಯಾಸಿಲಸ್ ತಳಿ ಆ್ಯಂಟಿಬಯಾಟಿಕ್ ಭೇದಿಯನ್ನು ತಡೆಯಿತೆಂದರೆ ಅದೇ ಹೆಸರಿನ ಇನ್ನೊಂದು ತಳಿಯೂ ತಡೆಯುತ್ತದೆ ಎಂದಾಗಲಿ, ಮೊದಲನೆಯ ತಳಿಯೇ ಮಲಬದ್ಧತೆಗೂ ಆಗಿಬರುತ್ತದೆ ಎಂದಾಗಲಿ ಹೇಳಲಾಗದು.

ನಿಮ್ಮ ಮನೆಯಲ್ಲಿ ಉಳಿದಿರುವ ಕ್ಯಾಪ್ಸೂಲಿನ ಪಟ್ಟಿಯನ್ನು ತಿರುಗಿಸಿ ಹಿಂಬದಿಯನ್ನು ಓದಿ. ಸಾಮಾನ್ಯವಾಗಿ ಅಲ್ಲಿ ಎರಡು ಪದಗಳ ಹೆಸರಿರುತ್ತದೆ: ಲ್ಯಾಕ್ಟೋಬ್ಯಾಸಿಲಸ್ ರ‍್ಯಾಮ್ನೋಸಸ್, ಬ್ಯಾಸಿಲಸ್ ಕ್ಲಾಸಿ, ಸ್ಯಾಕರೋಮೈಸಿಸ್ ಬೌಲಾರ್ಡಿ ಮುಂತಾಗಿ. ಅದರ ಮುಂದೆ ಅಕ್ಷರವೋ ಅಂಕಿಯೋ ಇರುವ ಮೂರನೆಯ ಗುರುತಿದ್ದರೆ ಅದೇ ತಳಿ. ಉದಾಹರಣೆಗೆ ರ‍್ಯಾಮ್ನೋಸಸ್ ಜಿಜಿ ಎಂಬುದರಲ್ಲಿ ಜಿಜಿ ತಳಿಯ ಹೆಸರು. ಮೂರನೆಯ ಗುರುತು ಇಲ್ಲದ ಪಟ್ಟಿಯಲ್ಲಿರುವುದು ಪ್ರಯೋಗಗಳಲ್ಲಿ ಪರೀಕ್ಷಿಸಿದ ತಳಿಯೇ ಹೌದೋ ಅಲ್ಲವೋ ತಿಳಿಯುವ ಬಗೆಯಿಲ್ಲ. ಅನಂತರ ಸಂಖ್ಯೆ ನೋಡಿ. 100 ಕೋಟಿ, 500 ಕೋಟಿ ಎಂಬ ಅಂಕಿ ದೊಡ್ಡದಾಗಿ ಕಂಡರೂ, ಒಳಗೆ ಇರುವ 38 ಲಕ್ಷ ಕೋಟಿಯ ಎದುರು ಅದು ಎಷ್ಟು ಚಿಕ್ಕದು ಎಂದು ನೀವೇ ಲೆಕ್ಕ ಹಾಕಬಹುದು. ಹೀಗಾಗಿಯೇ ನುಂಗಿದ ಬ್ಯಾಕ್ಟೀರಿಯಾಗಳು ಬಹುತೇಕ ಜನರಲ್ಲಿ ಕರುಳಿನಲ್ಲಿ ನೆಲೆಯೂರುವುದಿಲ್ಲ. ದಾರಿಯಲ್ಲಿ ಸಾಗುತ್ತ ಒಂದಷ್ಟು ಕೆಲಸ ಮಾಡಿ, ನುಂಗುವುದನ್ನು ನಿಲ್ಲಿಸಿದ ಕೆಲವು ದಿನ ಅಥವಾ ವಾರಗಳಲ್ಲಿ ಮಲದೊಂದಿಗೆ ಹೊರಟುಹೋಗುತ್ತವೆ. ಆ ಸಂಖ್ಯೆ ತಯಾರಿಸಿದ ದಿನದ್ದೋ, ಅವಧಿ ಮುಗಿಯುವ ದಿನದವರೆಗೂ ಖಾತರಿಯಿರುವುದೋ ಎಂಬುದನ್ನೂ, ತಂಪಿನಲ್ಲಿಡಬೇಕೆಂಬ ಸೂಚನೆಯಿದೆಯೇ ಎಂಬುದನ್ನೂ ನೋಡಿ. ಏಪ್ರಿಲ್ ತಿಂಗಳ ದಾವಣಗೆರೆಯ ಬಿಸಿಲಿನಲ್ಲಿ ಅಂಗಡಿಯ ಗಾಜಿನ ಕಪಾಟಿನಲ್ಲಿಟ್ಟ ಪಟ್ಟಿಯಲ್ಲಿ ಬದುಕಿ ಉಳಿದವು ಎಷ್ಟೆಂಬುದು ಅನುಮಾನವೇ. ಬ್ಯಾಸಿಲಸ್ ಬೀಜಕಗಳು ಶಾಖವನ್ನು ತಾಳಿಕೊಳ್ಳುತ್ತವೆ, ಉಳಿದವುಗಳಲ್ಲಿ ಅನೇಕವು ತಾಳುವುದಿಲ್ಲ. ಬೌಲಾರ್ಡಿ ಬ್ಯಾಕ್ಟೀರಿಯಾ ಅಲ್ಲ, ಅದು ಯೀಸ್ಟ್. ಆದ್ದರಿಂದ ಆ್ಯಂಟಿಬಯಾಟಿಕ್ ಅದನ್ನು ಕೊಲ್ಲುವುದಿಲ್ಲ, ಆದರೆ ಶಿಲೀಂಧ್ರ ಸೋಂಕಿಗೆ ಕೊಡುವ ಫ್ಲುಕೋನಜೋಲ್‌ನಂಥ ಮಾತ್ರೆ ಕೊಲ್ಲುತ್ತದೆ. ಬ್ಯಾಕ್ಟೀರಿಯಾ ಇರುವ ಪ್ರೋಬಯಾಟಿಕ್ ಆದರೆ ಆ್ಯಂಟಿಬಯಾಟಿಕ್‌ಗೂ ಅದಕ್ಕೂ ನಡುವೆ ಎರಡು ಗಂಟೆಯಾದರೂ ಅಂತರವಿರಲಿ.

ಮೊಸರಿನ ಬಗ್ಗೆ ನೀವು ಕೇಳಿದ್ದು ನನಗೆ ಸಂತೋಷ ತಂದಿತು, ಏಕೆಂದರೆ ಈ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವ ರೂಢಿಯಿದೆ, ಎರಡೂ ಪೂರ್ತಿ ಸರಿಯಲ್ಲ. ಕಾಯಿಸಿದ ಹಾಲನ್ನು ಉಗುರುಬೆಚ್ಚಗಾಗುವವರೆಗೆ ಆರಿಸಿ ನಿನ್ನೆಯ ಮೊಸರಿನ ಒಂದು ಚಮಚ ಹೆಪ್ಪು ಹಾಕಿದಾಗ, ಅದರಲ್ಲಿರುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ತಿಂದು ಆಮ್ಲವನ್ನು ಬಿಡುತ್ತವೆ. ಹುಳಿ ಹೆಚ್ಚುತ್ತ ಹೋಗಿ, ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆಯಾದ ಪಿಎಚ್ 4.6ರ ಆಸುಪಾಸಿಗೆ ಇಳಿದಾಗ ಹಾಲಿನ ಕೇಸೀನ್ ಪ್ರೋಟೀನ್ ಒಂದಕ್ಕೊಂದು ಹೆಣೆದುಕೊಂಡು ಮೊಸರು ಹೆಪ್ಪುಗಟ್ಟುತ್ತದೆ. ಹಾಲು ತೀರ ಬಿಸಿಯಿದ್ದರೆ ಹೆಪ್ಪಿನ ಬ್ಯಾಕ್ಟೀರಿಯಾ ಸಾಯುತ್ತವೆ, ಚಳಿಗಾಲದಲ್ಲಿ ಅವು ನಿಧಾನವಾಗುವುದರಿಂದಲೇ ಪಾತ್ರೆಯನ್ನು ಬಟ್ಟೆಯಲ್ಲಿ ಸುತ್ತಿಡುತ್ತೇವೆ. ಹೀಗೆ ತಯಾರಾದ ಮೊಸರಿನಲ್ಲಿ ಜೀವಂತ ಬ್ಯಾಕ್ಟೀರಿಯಾಗಳು ಧಾರಾಳವಾಗಿರುತ್ತವೆ. ಆದರೆ ಯಾವ ತಳಿ, ಎಷ್ಟು ಎಂಬುದು ಮನೆಯಿಂದ ಮನೆಗೆ, ಹೆಪ್ಪಿನಿಂದ ಹೆಪ್ಪಿಗೆ ಬದಲಾಗುತ್ತದೆ. ಹಲವು ತಳಿಗಳು ಜಠರದ ಆಮ್ಲ ಮತ್ತು ಪಿತ್ತರಸವನ್ನು ದಾಟಿ ದೊಡ್ಡ ಕರುಳು ತಲುಪುವಷ್ಟು ಗಟ್ಟಿಯಲ್ಲ. ಆದ್ದರಿಂದ ಶಾಸ್ತ್ರೀಯ ಅರ್ಥದಲ್ಲಿ ಮನೆಯ ಮೊಸರನ್ನು ಪ್ರೋಬಯಾಟಿಕ್ ಎನ್ನುವುದಿಲ್ಲ.

ಹಾಗೆಂದು ಅದರ ಬೆಲೆ ಕಡಿಮೆಯೇನಲ್ಲ. ಹಾಲು ಕುಡಿದರೆ ಹೊಟ್ಟೆಯುಬ್ಬರ ಬರುವ ಅನೇಕರಿಗೆ ಮೊಸರು ಒಗ್ಗುತ್ತದೆ. ಲ್ಯಾಕ್ಟೋಸಿನ ಒಂದು ಭಾಗ ಪಾತ್ರೆಯಲ್ಲೇ ಖರ್ಚಾಗಿರುತ್ತದೆ, ಉಳಿದದ್ದನ್ನು ಒಡೆಯುವ ಕಿಣ್ವವನ್ನು ಬ್ಯಾಕ್ಟೀರಿಯಾಗಳೇ ಸಣ್ಣ ಕರುಳಿಗೆ ಹೊತ್ತು ತರುತ್ತವೆ. ಪ್ರೋಬಯಾಟಿಕ್ ಜಾಹೀರಾತುಗಳ ಬಗ್ಗೆ ತೀರ ಬಿಗಿಯಾಗಿರುವ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಕೂಡ ಮೊಸರಿನ ಈ ಒಂದು ಗುಣವನ್ನು ಒಪ್ಪಿಕೊಂಡಿದೆ. 2021ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 36 ಮಂದಿಯಲ್ಲಿ ಹತ್ತು ವಾರ ನಡೆಸಿದ ಪ್ರಯೋಗದಲ್ಲಿ, ಮೊಸರು ಮತ್ತು ಹುದುಗಿಸಿದ ತರಕಾರಿಯಂಥ ಆಹಾರವನ್ನು ಹೆಚ್ಚಿಸಿದವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು, ಉರಿಯೂತವನ್ನು ಸೂಚಿಸುವ 19 ಪ್ರೋಟೀನುಗಳು ರಕ್ತದಲ್ಲಿ ತಗ್ಗಿದವು. ಅದೇ ಅವಧಿಯಲ್ಲಿ ನಾರನ್ನಷ್ಟೇ ಹೆಚ್ಚಿಸಿದವರಲ್ಲಿ ವೈವಿಧ್ಯ ಹೆಚ್ಚಲಿಲ್ಲ. ಇಷ್ಟು ಸಣ್ಣ ಪ್ರಯೋಗದಿಂದ ದೊಡ್ಡ ಮಾತು ಆಡಬಾರದು, ಆದರೆ ಹುದುಗಿಸಿದ ಆಹಾರವೂ ನಾರೂ ಎರಡೂ ಬೇಕೆಂಬ ನನ್ನ ಸಲಹೆಗೆ ಇದು ಬಲ ಕೊಡುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಇಡ್ಲಿ, ದೋಸೆ ಪ್ರೋಬಯಾಟಿಕ್ ಆಹಾರ ಎಂದು ಹೇಳುವುದನ್ನು ಕೇಳಿರುತ್ತೀರಿ. ರಾತ್ರಿಯಿಡೀ ಹುದುಗಿದ ಹಿಟ್ಟಿನಲ್ಲಿ ಬ್ಯಾಕ್ಟೀರಿಯಾಗಳು ಹೇರಳವಾಗಿರುವುದು ನಿಜ, ಆದರೆ ಹಬೆಯಲ್ಲೂ ಕಾವಲಿಯ ಮೇಲೂ ಅವು ಸಾಯುತ್ತವೆ. ಹುದುಗುವಿಕೆಯಿಂದ ಹಿಟ್ಟು ಸುಲಭವಾಗಿ ಜೀರ್ಣವಾಗುವಂತಾಗುತ್ತದೆ, ಕೆಲವು ಖನಿಜಾಂಶಗಳು ಚೆನ್ನಾಗಿ ದಕ್ಕುತ್ತವೆ. ಲಾಭ ಇರುವುದು ಅಲ್ಲಿ. ಕುದಿಸಿದ ಮಜ್ಜಿಗೆ ಹುಳಿಯ ವಿಷಯವೂ ಇಷ್ಟೇ. ಜೀವಂತ ಬ್ಯಾಕ್ಟೀರಿಯಾ ಬೇಕೆಂದರೆ ಊಟದ ಕೊನೆಯ ಮಜ್ಜಿಗೆ, ಆರಿದ ಅನ್ನಕ್ಕೆ ಕಲಸಿದ ಮೊಸರು, ಬೇಯಿಸಿದ ಮೇಲೆ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ, ತಂಬುಳಿ ಇವು ಸರಿಯಾದ ದಾರಿ. ಪ್ರೋಬಯಾಟಿಕ್ ಎಂದು ಮಾರುವ ಸಿಹಿ ಪಾನೀಯಗಳ ಪುಟ್ಟ ಬಾಟಲಿಯಲ್ಲಿ ಸಕ್ಕರೆ 10 ಗ್ರಾಂ ಮುಟ್ಟುವುದುಂಟು. ಸಕ್ಕರೆ ಕಾಯಿಲೆಯಿರುವ ನಿಮ್ಮ ತಾಯಿಯವರಿಗೆ ಅವು ಬೇಡ.

ಸಕ್ಕರೆ ಕಾಯಿಲೆ ಮತ್ತು ತೂಕದ ವಿಷಯದಲ್ಲಿ ಪ್ರಯೋಗಾಲಯದ ಸುದ್ದಿಗಳು ಜನರ ನಿರೀಕ್ಷೆಯನ್ನು ಬಹಳ ಎತ್ತರಕ್ಕೆ ಏರಿಸಿವೆ. 2013ರಲ್ಲಿ ಒಬ್ಬರು ದಪ್ಪ, ಒಬ್ಬರು ತೆಳ್ಳಗೆ ಇದ್ದ ಅವಳಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಸೂಕ್ಷ್ಮಜೀವಿರಹಿತ ಇಲಿಗಳಿಗೆ ಕೊಟ್ಟಾಗ, ದಪ್ಪಗಿದ್ದವರಿಂದ ಪಡೆದ ಇಲಿಗಳ ದೇಹದಲ್ಲಿ ಹೆಚ್ಚು ಕೊಬ್ಬು ಸೇರಿತು. ಮನುಷ್ಯರಲ್ಲಿ ಕಥೆ ಇಷ್ಟು ಸರಳವಾಗಿಲ್ಲ. ತೆಳ್ಳಗಿರುವವರ ಬ್ಯಾಕ್ಟೀರಿಯಾಗಳನ್ನು ಸ್ಥೂಲಕಾಯದವರಿಗೆ ಕೊಟ್ಟ ಪ್ರಯೋಗಗಳಲ್ಲಿ ಇನ್ಸುಲಿನ್ ಕೆಲಸ ಕೆಲವರಲ್ಲಿ ಸ್ವಲ್ಪ ಕಾಲ ಸುಧಾರಿಸಿತು, ಅನಂತರ ಮೊದಲಿನ ಸ್ಥಿತಿಗೇ ಮರಳಿತು, ತೂಕ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಸಕ್ಕರೆ ಕಾಯಿಲೆಯವರ ಕರುಳಿನಲ್ಲಿ ಕಂಡ ಕೆಲವು ವಿಶೇಷ ಬದಲಾವಣೆಗಳು ರೋಗದಿಂದ ಆದವಲ್ಲ, ಅವರು ನುಂಗುತ್ತಿದ್ದ ಮೆಟ್‌ಫಾರ್ಮಿನ್‌ನಿಂದ ಆದವು ಎಂಬುದು 2015ರಲ್ಲಿ ಗೊತ್ತಾಯಿತು. ಹೀಗಿರುವಾಗ ಸಕ್ಕರೆಯ ಹತೋಟಿಗೆ ಪ್ರೋಬಯಾಟಿಕ್ ಕ್ಯಾಪ್ಸೂಲನ್ನು ನೆಚ್ಚಿಕೊಂಡು ಮಾತ್ರೆಯನ್ನೋ ನಡಿಗೆಯನ್ನೋ ಪಥ್ಯವನ್ನೋ ಸಡಿಲಿಸುವುದು ಅಪಾಯ. ಇನ್ನೊಂದು ಮಾತು: ಬಹಳ ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ವಿಟಮಿನ್ ಕಡಿಮೆಯಾಗುವುದುಂಟು. ಕರುಳಿನ ಬ್ಯಾಕ್ಟೀರಿಯಾಗಳು ಬಿ12 ತಯಾರಿಸುತ್ತವೆ, ಚಿಂತೆಯಿಲ್ಲ ಎಂದು ಕೆಲವರು ಹೇಳುತ್ತಾರೆ. ಅವು ತಯಾರಿಸುವುದು ದೊಡ್ಡ ಕರುಳಿನಲ್ಲಿ, ದೇಹ ಅದನ್ನು ಹೀರಿಕೊಳ್ಳುವುದು ಅದಕ್ಕೂ ಮೊದಲು ಬರುವ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ಆದ್ದರಿಂದ ಆ ಬಿ12 ನಮಗೆ ದಕ್ಕುವುದಿಲ್ಲ. ತಾಯಿಯವರ ರಕ್ತದಲ್ಲಿ ಅದರ ಮಟ್ಟವನ್ನು ಒಮ್ಮೆ ಪರೀಕ್ಷೆ ಮಾಡಿಸಿ.

ಮನಸ್ಸಿನ ವಿಷಯಕ್ಕೆ ಬಂದರೆ, ಮನಸ್ಸಿನ ಸ್ಥಿತಿಯೊಂದಿಗೆ ನಂಟಿರುವ ದೇಹದ ರಾಸಾಯನಿಕ ಸೆರೊಟೋನಿನ್‌ನಲ್ಲಿ 90 ಶೇಕಡಾಕ್ಕೂ ಹೆಚ್ಚು ಕರುಳಿನಲ್ಲಿ ತಯಾರಾಗುತ್ತದೆ ಎಂಬ ಮಾತು ಸರಿ. ಆದರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ, ಕರುಳಿನ ಚಲನೆಯನ್ನು ನಡೆಸುವುದು ಅದರ ಮುಖ್ಯ ಕೆಲಸ. ಕರುಳಿನಿಂದ ಮಿದುಳಿಗೆ ವೇಗಸ್ ನರದ ಮೂಲಕವೂ, ರೋಗನಿರೋಧಕ ವ್ಯವಸ್ಥೆಯ ರಾಸಾಯನಿಕಗಳ ಮೂಲಕವೂ ಸಂದೇಶ ಹೋಗುವುದು ನಿಜ. ಆತಂಕ ಹೆಚ್ಚಾದಾಗ ಹೊಟ್ಟೆ ಕೆಡುವುದೂ, ಹೊಟ್ಟೆ ಸದಾ ಕೆಟ್ಟಿರುವವರಲ್ಲಿ ಆತಂಕ ಹೆಚ್ಚುವುದೂ ಕಲ್ಪನೆಯಲ್ಲ. ಆದರೆ ಖಿನ್ನತೆಗೆ ಚಿಕಿತ್ಸೆಯಾಗಿ ಪ್ರೋಬಯಾಟಿಕ್ ಕೊಡುವಷ್ಟು ಆಧಾರ ಇಂದು ಇಲ್ಲ. ಖಿನ್ನತೆಯ ಲಕ್ಷಣಗಳಿದ್ದರೆ ಮನೋವೈದ್ಯರನ್ನು ಕಾಣಬೇಕು.

ಯಾವ ಕಾಯಿಲೆಗೆ ಪ್ರೋಬಯಾಟಿಕ್ ಕೊಡಬಹುದು ಎಂಬುದರ ಬಗ್ಗೆ ಅಮೆರಿಕದ ಜಠರ ಮತ್ತು ಕರುಳು ತಜ್ಞರ ಸಂಘ 2020ರಲ್ಲಿ ಹೊರತಂದ ಮಾರ್ಗಸೂಚಿ ಬಹಳ ಬಿಗಿಯಾಗಿದೆ. ಆ್ಯಂಟಿಬಯಾಟಿಕ್ ಪಡೆಯುವವರಲ್ಲಿ ಡಿಫಿಸೈಲ್ ಸೋಂಕನ್ನು ತಡೆಯುವುದು, ಅವಧಿಗೆ ಮುಂಚೆ ಹುಟ್ಟಿದ ಶಿಶುಗಳ ಕರುಳು ಕೊಳೆಯುವ ರೋಗವನ್ನು ತಡೆಯುವುದು, ಕರುಳಿನ ಶಸ್ತ್ರಚಿಕಿತ್ಸೆಯಾದ ಕೆಲವರಲ್ಲಿ ಬರುವ ಉರಿಯೂತ, ಈ ಕೆಲವು ಸಂದರ್ಭಗಳಿಗಷ್ಟೇ ಅದು ನಿಗದಿತ ತಳಿಗಳನ್ನು ಷರತ್ತಿನೊಡನೆ ಒಪ್ಪಿತು. ಹೊಟ್ಟೆಯುಬ್ಬರ, ನೋವು, ಮಲದ ಏರುಪೇರು ಇರುವ ಐಬಿಎಸ್ ತೊಂದರೆಗೆ ಸಂಶೋಧನೆಯ ಭಾಗವಾಗಿ ಮಾತ್ರ ಬಳಸಿ ಎಂದಿತು. ಐಬಿಎಸ್ ಇರುವ ಕೆಲವರಿಗೆ ಒಂದು ತಿಂಗಳ ಮಟ್ಟಿಗೆ ಪ್ರಯತ್ನಿಸಿ ನೋಡುವುದರಲ್ಲಿ ತಪ್ಪಿಲ್ಲ ಎಂಬುದು ನನ್ನ ಅಭಿಪ್ರಾಯ. ಆ ಅವಧಿಯಲ್ಲಿ ಗುಣ ಕಾಣದಿದ್ದರೆ ಬಿಟ್ಟುಬಿಡಬೇಕು.

ತೊಂದರೆಯೇನೂ ಇಲ್ಲವಲ್ಲ, ತೆಗೆದುಕೊಂಡರೆ ನಷ್ಟವೇನು ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಸ್ವಲ್ಪ ವಾಯು, ಹೊಟ್ಟೆಯುಬ್ಬರ ಬಿಟ್ಟರೆ ಬೇರೇನೂ ಆಗದು. ಆದರೆ ತೀವ್ರ ಮೇದೋಜೀರಕ ಗ್ರಂಥಿಯ ಉರಿಯೂತದ ರೋಗಿಗಳಿಗೆ ನೆದರ್ಲೆಂಡ್ಸ್‌ನಲ್ಲಿ ಪ್ರೋಬಯಾಟಿಕ್ ಕೊಟ್ಟು ನೋಡಿದಾಗ, 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪ್ರೋಬಯಾಟಿಕ್ ಪಡೆಯದವರಲ್ಲಿ ಸಾವು 6 ಶೇಕಡಾ ಇದ್ದರೆ ಪಡೆದವರಲ್ಲಿ 16 ಶೇಕಡಾ ಆಗಿತ್ತು. ಕ್ಯಾನ್ಸರ್ ಔಷಧಿ ಪಡೆಯುತ್ತಿರುವವರು, ಅಂಗಾಂಗ ಕಸಿಯಾದವರು, ರಕ್ತನಾಳದಲ್ಲಿ ದೊಡ್ಡ ಕೊಳವೆ ಹಾಕಿಸಿಕೊಂಡು ತುರ್ತು ನಿಗಾ ಘಟಕದಲ್ಲಿರುವವರು ಇವರಲ್ಲಿ ನುಂಗಿದ ಜೀವಿಯೇ ರಕ್ತಕ್ಕೆ ಸೇರಿ ಸೋಂಕಾದ ಪ್ರಕರಣಗಳಿವೆ. ಅಂಥವರು ತಜ್ಞರನ್ನು ಕೇಳದೆ ಇವನ್ನು ಮುಟ್ಟಬಾರದು.

ಮಗುವಿನ ಬಗ್ಗೆ ಕೇಳಿದ್ದೀರಿ. ಕರುಳಿನ ಬ್ಯಾಕ್ಟೀರಿಯಾಗಳು ಅತಿ ಹೆಚ್ಚು ಪ್ರಭಾವ ಬೀರುವುದು ಬದುಕಿನ ಮೊದಲ ತಿಂಗಳುಗಳಲ್ಲಿ. ಎದೆಹಾಲಿನಲ್ಲಿ ಮಗುವಿಗೆ ಜೀರ್ಣವಾಗದ ಒಂದು ಬಗೆಯ ಸಕ್ಕರೆಗಳು ಹೇರಳವಾಗಿವೆ. ಅವು ಇರುವುದು ಬಿಫಿಡೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾಗಳ ಆಹಾರವಾಗಿ. ಪ್ರೋಬಯಾಟಿಕ್ ಕುರಿತ ಜಗತ್ತಿನ ಅತ್ಯುತ್ತಮ ಪ್ರಯೋಗಗಳಲ್ಲಿ ಒಂದು ನಡೆದದ್ದು ನಮ್ಮ ದೇಶದಲ್ಲೇ. ಒಡಿಶಾದ ಹಳ್ಳಿಗಳ 4,556 ನವಜಾತ ಶಿಶುಗಳಲ್ಲಿ ಅರ್ಧದಷ್ಟು ಮಕ್ಕಳಿಗೆ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ನಿಗದಿತ ತಳಿಯನ್ನು, ಅದಕ್ಕೆ ಆಹಾರವಾಗುವ ನಾರಿನ ಸಕ್ಕರೆಯೊಂದಿಗೆ ಏಳು ದಿನ ಕೊಡಲಾಯಿತು. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ರಕ್ತದ ನಂಜು ಮತ್ತು ಸಾವು ಒಟ್ಟಾಗಿ 9 ಶೇಕಡಾದಿಂದ 5.4 ಶೇಕಡಾಕ್ಕೆ ಇಳಿದಿತ್ತು. ಅವರು ಆರಿಸಿಕೊಂಡದ್ದು ಅವಧಿ ತುಂಬಿ ಅಥವಾ ತುಂಬುವ ಹೊತ್ತಿಗೆ ಹತ್ತಿರದಲ್ಲಿ ಹುಟ್ಟಿದ, ಎದೆಹಾಲು ಕುಡಿಯುತ್ತಿದ್ದ ಶಿಶುಗಳನ್ನು. ಇದೇ ಫಲವನ್ನು ಅಂಗಡಿಯ ಬೇರೊಂದು ತಳಿಯಿಂದ, ಮೂರು ವರ್ಷದ ಮಗುವಿನಲ್ಲಿ ನಿರೀಕ್ಷಿಸುವಂತಿಲ್ಲ. ಅಮೆರಿಕದ 971 ಮತ್ತು ಕೆನಡಾದ 886 ಪುಟ್ಟ ಮಕ್ಕಳ ವಾಂತಿಭೇದಿಗೆ ಹೆಸರಾಂತ ತಳಿಗಳನ್ನೇ ಕೊಟ್ಟು ನೋಡಿದ ಎರಡು ಪ್ರಯೋಗಗಳು 2018ರಲ್ಲಿ ಪ್ರಕಟವಾದವು, ಎರಡರಲ್ಲೂ ಉಪಯೋಗ ಕಾಣಲಿಲ್ಲ. ಆರೋಗ್ಯವಾಗಿರುವ ನಿಮ್ಮ ಮಗನಿಗೆ ಇದಾವುದೂ ಬೇಡ. ಭೇದಿಯಾದರೆ ಓಆರ್‌ಎಸ್ ದ್ರಾವಣ ಮತ್ತು ವೈದ್ಯರು ಹೇಳಿದಷ್ಟು ದಿನ ಸತುವಿನ ಔಷಧಿ, ಇವೇ ಮಗುವಿನ ಜೀವ ಉಳಿಸುವವು. ನೆಗಡಿ, ವೈರಲ್ ಜ್ವರಗಳಿಗೆ ಆ್ಯಂಟಿಬಯಾಟಿಕ್ ಬೇಕೆಂದು ವೈದ್ಯರನ್ನು ಒತ್ತಾಯಿಸದಿರುವುದು ಅವನ ಕರುಳಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರ.

ಇನ್ನು ತಾಯಿಯವರ ಊಟ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2,000 ಕ್ಯಾಲೊರಿಯ ಊಟಕ್ಕೆ ಸುಮಾರು 30 ಗ್ರಾಂ ನಾರು ಬೇಕೆನ್ನುತ್ತದೆ. 100 ಗ್ರಾಂ ಬಿಳಿ ಅಕ್ಕಿಯಲ್ಲಿ ಇರುವುದು 3 ಗ್ರಾಂಗಿಂತ ಕಡಿಮೆ, ಅಷ್ಟೇ ರಾಗಿಯಲ್ಲಿ ಸುಮಾರು 11 ಗ್ರಾಂ. ನಿಮ್ಮ ಕಡೆಯ ಊಟ ಇದಕ್ಕೆ ಹೇಳಿಮಾಡಿಸಿದಂತಿದೆ: ಜೋಳದ ರೊಟ್ಟಿ, ಮೊಳಕೆಕಾಳಿನ ಪಲ್ಯ, ಹಸಿ ಮೆಂತ್ಯ ಸೊಪ್ಪು, ಅಗಸೆ ಚಟ್ನಿಪುಡಿ, ಕೊನೆಯಲ್ಲಿ ಮಜ್ಜಿಗೆ. ಒಂದೇ ಬಗೆಯ ನಾರಿಗಿಂತ ಬಗೆಬಗೆಯ ಕಾಳು, ಸೊಪ್ಪು, ಹಣ್ಣುಗಳು ಬಗೆಬಗೆಯ ಬ್ಯಾಕ್ಟೀರಿಯಾಗಳನ್ನು ಸಾಕುತ್ತವೆ, ಆದ್ದರಿಂದ ವಾರದಲ್ಲಿ ಕಾಳುಗಳನ್ನು ಬದಲಾಯಿಸುತ್ತಿರಿ. ಕರುಳು ಈಗಷ್ಟೇ ಚೇತರಿಸಿಕೊಳ್ಳುತ್ತಿರುವುದರಿಂದ ಒಮ್ಮೆಲೇ ಹೆಚ್ಚಿಸಬೇಡಿ, ವಾಯು ತುಂಬಿ ಸಂಕಟವಾಗುತ್ತದೆ. ಎರಡು ಮೂರು ವಾರಗಳಲ್ಲಿ ಹಂತಹಂತವಾಗಿ ಏರಿಸಿ, ಜೊತೆಗೆ ನೀರನ್ನೂ ಹೆಚ್ಚಿಸಿ. ಮೂತ್ರಪಿಂಡದ ತೊಂದರೆಯೇನಾದರೂ ಇದ್ದರೆ ಕಾಳು, ಸೊಪ್ಪು ಮತ್ತು ನೀರಿನ ಪ್ರಮಾಣವನ್ನು ವೈದ್ಯರಿಂದ ಕೇಳಿ ತಿಳಿದುಕೊಳ್ಳಿ. ಮಲವನ್ನು ಕಳುಹಿಸಿಕೊಟ್ಟರೆ ಬ್ಯಾಕ್ಟೀರಿಯಾಗಳ ಪಟ್ಟಿ ಮಾಡಿಕೊಡುವ ದುಬಾರಿ ಪರೀಕ್ಷೆಗಳು ಈಗ ಬಂದಿವೆ. ಆ ಪಟ್ಟಿಯನ್ನು ನೋಡಿ ಚಿಕಿತ್ಸೆ ನಿರ್ಧರಿಸುವ ಹಂತಕ್ಕೆ ವೈದ್ಯವಿಜ್ಞಾನ ಇನ್ನೂ ಬಂದಿಲ್ಲ, ಅದಕ್ಕೆ ಹಣ ಖರ್ಚು ಮಾಡಬೇಡಿ.

ಕೊನೆಯದಾಗಿ, ಆ್ಯಂಟಿಬಯಾಟಿಕ್ ಮುಗಿದು ಎರಡು ಮೂರು ತಿಂಗಳವರೆಗೂ ಡಿಫಿಸೈಲ್ ಸೋಂಕು ಕಾಣಿಸಿಕೊಳ್ಳುವ ಸಾಧ್ಯತೆ ಇರುತ್ತದೆ, ವಯಸ್ಸಾದವರಲ್ಲಿ ಅದು ಹೆಚ್ಚು. ಆ ಅವಧಿಯಲ್ಲಿ ತಾಯಿಯವರಿಗೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ನೀರಾಗಿ ಭೇದಿಯಾದರೆ, ಜ್ವರ ಅಥವಾ ಹೊಟ್ಟೆನೋವು ಜೊತೆಗಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾಗಿ ನಾಲಗೆ ಒಣಗುತ್ತಿದ್ದರೆ, ಉಳಿದಿರುವ ಕ್ಯಾಪ್ಸೂಲನ್ನೋ ಭೇದಿ ಕಟ್ಟುವ ಮಾತ್ರೆಯನ್ನೋ ಕೊಟ್ಟು ಕಾಯಬೇಡಿ. ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಿರಿ, ಇತ್ತೀಚೆಗೆ ಯಾವ ಆ್ಯಂಟಿಬಯಾಟಿಕ್ ತೆಗೆದುಕೊಂಡಿದ್ದರು ಎಂಬ ಚೀಟಿಯನ್ನೂ ಜೊತೆಗೆ ಒಯ್ಯಿರಿ, ಮೆಟ್‌ಫಾರ್ಮಿನ್ ಮುಂದುವರಿಸಬೇಕೇ ಎಂಬುದನ್ನೂ ಅಲ್ಲಿಯೇ ಕೇಳಿ.